ಡಾಕ್ಟರ್ ಚೀಟಿ ಮೇಲೆ ಮನೆ ಗುಂಪಿನಲ್ಲಿ ಜಗಳ

(ಅಕ್ಕ ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಕಾಕಾ ಗಂಗಾವತಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದಾರೆ. ರಾಯಚೂರು ಮಾಮಾ ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಿಂದ ರಿಟೈರ್ ಆದವರು. ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್.)

ತಮ್ಮ: [ಫಾರ್ವರ್ಡ್ ಆದ ಪೋಸ್ಟರ್] "ಡಾಕ್ಟರ್ ಕೈಬರಹಕ್ಕೆ ಗುಡ್‌ಬೈ! ಔಷಧಿ ಚೀಟಿ ಇನ್ನು ಕಂಪ್ಯೂಟರ್‌ನಲ್ಲಿ. ತಪ್ಪೇ ಇಲ್ಲ, ನರ್ಸ್‌ಗಳಿಗೆ ಅರ್ಧ ಕೆಲಸ ಕಡಿಮೆ."

ತಮ್ಮ: ಅಕ್ಕಾ, ನಿನಗೆ ಖುಷಿ ಸುದ್ದಿ 😀

ಅಕ್ಕ: ಈ ಪೋಸ್ಟರ್ ಮಾಡಿದವರು ಒಂದು ರಾತ್ರಿ ವಾರ್ಡಿಗೆ ಬರಲಿ. ನೈಟ್ ಡ್ಯೂಟಿ ಮುಗಿಸಿ ಈಗ ಬಂದಿದ್ದೇನೆ. ಮಲಗಿ ಎದ್ದು ಹೇಳುತ್ತೇನೆ.

ಕಾಕಾ: ನನಗಂತೂ ಪೋಸ್ಟರ್ ಸರಿ ಅನಿಸಿತು. 2016ರಲ್ಲೇ ಮೆಡಿಕಲ್ ಕೌನ್ಸಿಲ್ ಹೇಳಿದೆ, ಚೀಟಿ ಓದುವ ಹಾಗಿರಬೇಕು, ಆದಷ್ಟು ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಬೇಕು ಅಂತ. ಯಾರು ಬರೆಯುತ್ತಾರೆ? ಇಂಗ್ಲೆಂಡಿನಲ್ಲಿ ಹಿಂದೆ ಒಬ್ಬ ಡಾಕ್ಟರ್ ಅಮಾಕ್ಸಿಲ್ ಅನ್ನುವ ಆಂಟಿಬಯಾಟಿಕ್ ಬರೆದಿದ್ದರು. ಅಂಗಡಿಯವನು ಡಯೋನಿಲ್ ಅಂತ ಓದಿ ಕೊಟ್ಟ. ಅದು ಶುಗರ್ ಮಾತ್ರೆ. ಶುಗರೇ ಇಲ್ಲದ ಮನುಷ್ಯನ ಮಿದುಳಿಗೆ ಪೆಟ್ಟಾಯಿತು. ಕೋರ್ಟು ಡಾಕ್ಟರ್ ಮೇಲೆ 25 ಪಾಲು ಹಾಕಿತು, ಅಂಗಡಿಯವನ ಮೇಲೆ 75. ಬರೆದವನಿಗೆ ಕಾಲು, ಓದಿದವನಿಗೆ ಮುಕ್ಕಾಲು! ಪ್ರಿಂಟ್ ಆದ ಚೀಟಿ ಬಂದರೆ ನಾನು ಕೈ ಮುಗಿಯುತ್ತೇನೆ.

ರಾಯಚೂರು ಮಾಮಾ: ಕರೆಂಟ್ ಹೋದರೆ ಏನು ಮಾಡುತ್ತಾರೆ? ಕರೆಂಟ್ ತಯಾರಿಸುವ ಊರಲ್ಲೇ ಕೂತು ಕೇಳುತ್ತಿದ್ದೇನೆ.

ತಮ್ಮ: ಮಾಮಾ, ಯುಪಿಎಸ್ ಇರುತ್ತದೆ. ನಾನು ಸುಮ್ನೆ ಹೇಳುತ್ತಿಲ್ಲ. 1998ರಲ್ಲಿ ಬಾಸ್ಟನ್‌ನಿಂದ ಬಂದ ಅಧ್ಯಯನದಲ್ಲಿ, ಡಾಕ್ಟರ್‌ಗಳು ಕಂಪ್ಯೂಟರ್‌ನಲ್ಲಿ ಔಷಧಿ ಬರೆಯಲು ಶುರು ಮಾಡಿದ ಮೇಲೆ, ಯಾರ ಕಣ್ಣಿಗೂ ಬೀಳದೆ ದಾಟಿಹೋಗುವ ಗಂಭೀರ ತಪ್ಪುಗಳು 55% ಕಡಿಮೆ ಆದವು.

ಅಕ್ಕ: ಎದ್ದೆ. ಅದೇ ವೈದ್ಯಕೀಯ ಪತ್ರಿಕೆಯಲ್ಲಿ 2005ರಲ್ಲಿ ಬಂದದ್ದನ್ನೂ ಓದು. ಫಿಲಡೆಲ್ಫಿಯಾದ ಆಸ್ಪತ್ರೆಯಲ್ಲಿ ಅಂಥದ್ದೇ ವ್ಯವಸ್ಥೆ 22 ಬಗೆಯ ತಪ್ಪುಗಳಿಗೆ ದಾರಿ ಮಾಡಿಕೊಡುತ್ತಿತ್ತು ಅಂತ ಬರೆದಿದ್ದಾರೆ. ಓದಲು ಬಾರದೆ ಆಗುವ ತಪ್ಪು ಹೋಗುತ್ತದೆ, ಒಪ್ಪುತ್ತೇನೆ. ಒತ್ತುವಾಗ ಆಗುವ ತಪ್ಪು ಬರುತ್ತದೆ. ಅದನ್ನು ಹಿಡಿಯುವ ಕೆಲಸ ಯಾರದು?

ಅಕ್ಕ: ನಮ್ಮ ಕಡೆ ಒಂದು ವಾರ್ಡಿಗೆ ಮೂವರು ಹುಲಿಗೆಮ್ಮ ಇರುತ್ತಾರೆ. ಮಂಚದ ಹತ್ತಿರ ನಿಂತು ಬರೆದರೆ ಮುಖ ಕಾಣುತ್ತದೆ. ಪಟ್ಟಿಯಲ್ಲಿ ಒಂದು ಸಾಲು ಮೇಲೆ ಒತ್ತಿದರೆ ಪಕ್ಕದ ಹುಲಿಗೆಮ್ಮನಿಗೆ ಬಿಪಿ ಮಾತ್ರೆ. ಇನ್ನು ಟೈಮ್. ಬೆಳಿಗ್ಗೆ 11ಕ್ಕೆ ದಿನಕ್ಕೆರಡು ಸಲ ಅಂತ ಆಂಟಿಬಯಾಟಿಕ್ ಹಾಕುತ್ತಾರೆ. ಕಂಪ್ಯೂಟರ್ ತಾನೇ 8 ಮತ್ತು 8 ಅಂತ ಇಡುತ್ತದೆ. ಬೆಳಿಗ್ಗೆಯ 8 ಆಗಲೇ ಹೋಗಿದೆ. ನಾವು ಗಮನಿಸದಿದ್ದರೆ ಮೊದಲ ಡೋಸ್ ರಾತ್ರಿಗೆ!

ಅಕ್ಕ: ಮೊದಲು ಡಾಕ್ಟರ್ ರೌಂಡ್ಸ್‌ನಲ್ಲಿ "ಸಿಸ್ಟರ್, ಇದನ್ನು ಈಗಲೇ ಕೊಡಿ" ಅನ್ನುತ್ತಿದ್ದರು. ಈಗ ರೂಮಿನಲ್ಲಿ ಕೂತು ಆರ್ಡರ್ ಹಾಕುತ್ತಾರೆ. ಯಾವಾಗ ಹಾಕಿದರು ಅಂತ ನಾವೇ ಹೋಗಿ ನೋಡುತ್ತಿರಬೇಕು. ರಾತ್ರಿ ಫೋನ್ ಮಾಡಿದರೆ ಬಾಯಲ್ಲಿ ಹೇಳುತ್ತಾರೆ, ಆದರೆ ಸಿಸ್ಟಮ್‌ನಲ್ಲಿ ಆರ್ಡರ್ ಇಲ್ಲದೆ ಫಾರ್ಮಸಿಯವರು ಔಷಧಿ ಬಿಡುವುದಿಲ್ಲ. ಮಾಮಾ, ಯುಪಿಎಸ್ ಇದ್ದರೂ ಸರ್ವರ್ ಬೀಳುತ್ತದೆ. ಆಗ ಕಾಗದ. ಸರ್ವರ್ ಎದ್ದ ಮೇಲೆ ಅದನ್ನೆಲ್ಲ ಮತ್ತೆ ಟೈಪ್ ಮಾಡುವವರು ನಾವು.

ರಾಯಚೂರು ಮಾಮಾ: 👍👍

ತಮ್ಮ: ಅಕ್ಕಾ, ಇದೆಲ್ಲ ಕೆಟ್ಟ ಸಾಫ್ಟ್‌ವೇರ್‌ನ ತಪ್ಪು. ಒಳ್ಳೆಯದರಲ್ಲಿ ಡೋಸ್ ಜಾಸ್ತಿ ಆದರೆ ಎಚ್ಚರಿಕೆ ಬರುತ್ತದೆ.

ಅಕ್ಕ: ಬರುತ್ತದೆ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಆಸ್ಪತ್ರೆಯಲ್ಲೂ ಬಂದಿತ್ತು. 16 ವರ್ಷದ ಹುಡುಗ, 38.6 ಕೆ.ಜಿ. ಒಂದು ಮಾತ್ರೆ ಕೊಡಬೇಕಿತ್ತು. ಫಾರ್ಮಸಿಯವರು ಡೋಸ್ 160 ಮಿಲಿಗ್ರಾಂ ಅಂತ ತಿದ್ದಲು ಹೇಳಿದರು. ಡಾಕ್ಟರ್ 160 ಒತ್ತಿದರು. ಪರದೆ ಮಾತ್ರ ಪ್ರತಿ ಕೆ.ಜಿ.ಗೆ ಇಷ್ಟು ಅನ್ನುವ ಲೆಕ್ಕದಲ್ಲಿತ್ತು. ಎಚ್ಚರಿಕೆ ಬಂತು. ದಿನವಿಡೀ ಬೇಡದ ಎಚ್ಚರಿಕೆ ನೋಡಿ ನೋಡಿ ಬೇಸತ್ತಿರುತ್ತಾರಲ್ಲ, ಡಾಕ್ಟರೂ ದಾಟಿದರು, ಫಾರ್ಮಸಿಯವರೂ ದಾಟಿದರು. ರೋಬಾಟ್ 38½ ಮಾತ್ರೆ ಎಣಿಸಿ ಕಳಿಸಿತು. ನರ್ಸ್‌ಗೆ ಅನುಮಾನ ಬಂದಿತ್ತು ಕಣೋ! ಬಾರ್‌ಕೋಡ್ ಸ್ಕ್ಯಾನ್ ಮಾಡಿದಳು. ಅದೂ ಸರಿ ಅಂತು. ಕೊಟ್ಟುಬಿಟ್ಟಳು. ಹುಡುಗನಿಗೆ ಫಿಟ್ಸ್ ಬಂತು. ಬದುಕಿದ, ಅದೇ ಪುಣ್ಯ.

ಕಾಕಾ: 38½ ಮಾತ್ರೆ ಅಂತ ಕೈಬರಹದಲ್ಲಿ ಯಾರೂ ಬರೆಯುವುದಿಲ್ಲ, ಅದು ನಿಜ.

ತಮ್ಮ: ಹಾಗಾದರೆ ಕಾಗದಕ್ಕೇ ವಾಪಸ್ ಹೋಗೋಣವಾ?

ಅಕ್ಕ: ನಾನು ಹಾಗೆಲ್ಲಿ ಅಂದೆ? ರೋಗಿಗೆ ಯಾವ ಔಷಧಿ ಆಗಿಬರುವುದಿಲ್ಲ ಅನ್ನುವುದು ಕಂಪ್ಯೂಟರ್‌ನಲ್ಲಿ ಕೆಂಪಕ್ಷರದಲ್ಲಿ ಎದುರಿಗೇ ಇರುತ್ತದೆ. ಕೇಸ್‌ಶೀಟ್ ಹುಡುಕುವ ಕಾಟ ಇಲ್ಲ. ಆದರೆ ಕೆಲಸ ಕಡಿಮೆ ಆಯಿತು ಅಂತ ಹೇಳಿ ವಾರ್ಡಿನಿಂದ ಒಬ್ಬ ನರ್ಸ್‌ನ ತೆಗೆಯಬೇಡಿ. ಆ ಪೋಸ್ಟರ್ ನೋಡಿದರೆ ಮ್ಯಾನೇಜ್‌ಮೆಂಟ್‌ನವರು ಅದನ್ನೇ ಮೊದಲು ಮಾಡುತ್ತಾರೆ.

ಕಾಕಾ: ನನ್ನದೂ ಒಂದು ಇದೆ. ಶೆಡ್ಯೂಲ್ ಎಚ್, ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಔಷಧಿ ಆದರೆ ಚೀಟಿಯಲ್ಲಿರುವ ಬ್ರ್ಯಾಂಡ್ ಬಿಟ್ಟು ಬೇರೆ ಕೊಡಲು ಕಾಯ್ದೆಯಲ್ಲಿ ಅವಕಾಶ ಇಲ್ಲ. ನನ್ನ ಅಂಗಡಿಯಲ್ಲಿ ಸ್ಟಾಕ್ ಇಲ್ಲ ಅಂದರೆ ಪೇಷಂಟ್ ಮತ್ತೆ ಡಾಕ್ಟರ್ ಹತ್ತಿರ. ಕಾರಟಗಿಯಿಂದ ಬಸ್ಸಿನಲ್ಲಿ ಬಂದವರು ಪಾಪ. ಪ್ರಿಂಟ್ ಚೀಟಿಯಿಂದ ಇದೇನೂ ಬಗೆಹರಿಯುವುದಿಲ್ಲ. ಆದರೂ ನನಗೆ ಪ್ರಿಂಟೇ ಬೇಕು.

ತಮ್ಮ: ಅಕ್ಕಾ, ಆ 8 ಮತ್ತು 8ರ ಪರದೆಯ ಫೋಟೋ ಕಳಿಸು. "ಮೊದಲ ಡೋಸ್ ಯಾವಾಗ" ಅಂತ ಕೇಳದೆ ಮುಂದೆ ಹೋಗದ ಹಾಗೆ ಮಾಡಬಹುದು, ದೊಡ್ಡ ಕೆಲಸ ಅಲ್ಲ.

ಅಕ್ಕ: ಪೇಷಂಟ್ ಹೆಸರಿರುವ ಪರದೆ ಮನೆ ಗುಂಪಿಗೆ ಹಾಕಲಾ? ಚೆನ್ನಾಗಿದೆ. ಕಾಗದದ ಮೇಲೆ ಬರೆದು ಕಳಿಸುತ್ತೇನೆ.

ಕಾಕಾ: ಓದುವ ಹಾಗೆ ಬರೆಯಮ್ಮ 😄