97 ಬರುತ್ತಿದ್ದ ಅಡಿಕೆ ಮಾಡೆಲ್ ಮನೆಯಂಗಳದಲ್ಲಿ ಮಕಾಡೆ ಮಲಗಿದೆ, ಸಹಾಯ ಬೇಕು

ಹೆಬ್ರಿಯ_ಅಂಗಳ:
ತಲೆ ಕೆಟ್ಟುಹೋಗಿದೆ, ಯಾರಾದರೂ ದಾರಿ ತೋರಿಸಿ. ಅಡಿಕೆಯ ಫೋಟೋ ನೋಡಿ ಚಾಲಿ, ಪಟೋರ, ಕೋಕ, ಕರಿಗೋಟು ಎಂದು ನಾಲ್ಕು ದರ್ಜೆಯಾಗಿ ವಿಂಗಡಿಸುವ ಕಂಪ್ಯೂಟರ್ ಮಾಡೆಲ್ ಮಾಡಿದ್ದೇನೆ. ಮಂಗಳೂರಿನ ಬಾಡಿಗೆ ಕೋಣೆಯಲ್ಲಿ ಎರಡು ತಿಂಗಳು ನಿದ್ದೆಗೆಟ್ಟು ಮಾಡಿದ್ದು. ಪರೀಕ್ಷೆಯಲ್ಲಿ ಶೇಕಡಾ 97 ಬಂತು. ಕಳೆದ ಭಾನುವಾರ ಊರಿಗೆ ಒಯ್ದು ಅಪ್ಪನ ಎದುರು 100 ಅಡಿಕೆ ತೋರಿಸಿದರೆ ಸರಿಯಾದದ್ದು 61. ಅಪ್ಪ ಏನೂ ಹೇಳಲಿಲ್ಲ, ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿದರು. ಅದೇ ಮಾಡೆಲ್, ಅದೇ ಕ್ಯಾಮೆರಾ. ಕೋಡ್‌ನಲ್ಲಿ ದೋಷ ಎಲ್ಲಿರಬಹುದು?

ಕದ್ರಿ_ಬೆಳಕು:
ಕೋಡ್ ಅಲ್ಲ ಮಾರಾಯರೇ, ಬೆಳಕು. ನಮ್ಮ ಕರೆಂಟು 50 ಹರ್ಟ್ಸ್. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗ ಅದಕ್ಕೆ ಹೊಂದದಿದ್ದರೆ ಫೋಟೋದಲ್ಲಿ ಅಡ್ಡಪಟ್ಟಿ ಬರುತ್ತದೆ. ಶಟರನ್ನು 1/100 ಸೆಕೆಂಡಿಗೆ ಕಟ್ಟಿಹಾಕಿ.

ಹೆಬ್ರಿಯ_ಅಂಗಳ:
ಅಂಗಳದಲ್ಲಿ ಟ್ಯೂಬ್‌ಲೈಟ್ ಎಲ್ಲಿಂದ ಬರಬೇಕು? ಹಗಲು ಹನ್ನೊಂದು ಗಂಟೆ, ಸುಡುಬಿಸಿಲು.

ಕದ್ರಿ_ಬೆಳಕು:
ಹಾಗಾದರೆ ಬಿಸಿಲೇ ಕಾರಣ. ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿಗೆ ತಕ್ಕಂತೆ ಕ್ಯಾಮೆರಾ ಬಣ್ಣ ಹೊಂದಿಸುವುದು, ತಾನಾಗಿ ಬದಲಾಗಲು ಬಿಟ್ಟಿದ್ದೀರಿ, ಅದಕ್ಕೇ ಚಾಲಿಯ ಬಣ್ಣ ಕೆಟ್ಟಿದೆ. ಬಣ್ಣ ಸರಿಹೊಂದಿಸಲು ಒಂದು ಬೂದು ಕಾರ್ಡ್ ಇಟ್ಟುಕೊಳ್ಳಿ. ಹಂಪನಕಟ್ಟೆಯಲ್ಲಿ ಸಿಗುತ್ತದೆ.

ಮಲ್ಪೆಯ_ಪೈ:
ಯಾವ ಬೋರ್ಡ್ ಎಂದು ಹೇಳಲೇ ಇಲ್ಲವಲ್ಲ? ನಾನು ಬಂಗುಡೆ, ಬೂತಾಯಿ ಮೀನು ಬೇರ್ಪಡಿಸುವುದು ರಾಸ್ಪ್‌ಬೆರಿ ಪೈ 5 ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ. ಮೇಲೊಂದು ಫ್ಯಾನ್, ಸುತ್ತ ಅಕ್ರಿಲಿಕ್ ಡಬ್ಬಿ, ಉಪ್ಪುಗಾಳಿ ತಾಗದಂತೆ ಸಿಲಿಕಾ ಜೆಲ್. ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ಬಿಡುವಿತ್ತು, ಮರದ ಸ್ಟ್ಯಾಂಡ್ ಕೂಡ ನಾನೇ ಮಾಡಿದೆ. ಚಿತ್ರ ಹಾಕಲೇ?

ಸುರತ್ಕಲ್_ಅಕ್ಕ:
ಸ್ಟ್ಯಾಂಡಿನ ಚಿತ್ರ ಆಮೇಲೆ. ಹೆಬ್ರಿಯವರೇ, 97 ಬಂದದ್ದು ಯಾವ ಫೋಟೋಗಳ ಮೇಲೆ? ತರಬೇತಿಗೆ ಯಾವುವು, ಪರೀಕ್ಷೆಗೆ ಯಾವುವು ಎಂದು ಹೇಗೆ ಭಾಗ ಮಾಡಿದಿರಿ?

ಹೆಬ್ರಿಯ_ಅಂಗಳ:
ಎಲ್ಲರೂ ಮಾಡುವ ಹಾಗೆಯೇ ಅಕ್ಕ. 3,600 ಫೋಟೋ, ಕಲಸಿ 80 ಭಾಗ ತರಬೇತಿಗೆ, 20 ಭಾಗ ಪರೀಕ್ಷೆಗೆ. ಒಂದೊಂದು ದರ್ಜೆಗೆ 150 ಅಡಿಕೆ, ಪ್ರತಿಯೊಂದನ್ನೂ ಹೊರಳಿಸಿ ಆರು ಫೋಟೋ. ಇದನ್ನೆಲ್ಲ ಹೇಳಬೇಕಾಗಿತ್ತೇ?

ಸುರತ್ಕಲ್_ಅಕ್ಕ:
ಮೊದಲು ಹೇಳಬೇಕಾದದ್ದೇ ಅದು! ಒಂದೇ ಅಡಿಕೆಯ ಐದು ಫೋಟೋ ತರಬೇತಿಯಲ್ಲಿ, ಒಂದು ಪರೀಕ್ಷೆಯಲ್ಲಿ. ಪ್ರಶ್ನೆಪತ್ರಿಕೆಯನ್ನು ಹಿಂದಿನ ದಿನವೇ ಮನೆಗೆ ಕಳಿಸಿದ ಹಾಗಾಯಿತು. ಮಾಡೆಲ್ ಕಲಿತದ್ದು ದರ್ಜೆಯನ್ನಲ್ಲ, ಆ 600 ಅಡಿಕೆಗಳ ಮುಖಪರಿಚಯವನ್ನು. ಸೈಕಿಟ್-ಲರ್ನ್ ಎಂಬ ಪೈಥಾನ್ ಲೈಬ್ರರಿಯಲ್ಲಿ ಗುಂಪು ಒಡೆಯದೆ ಭಾಗ ಮಾಡುವ ಗ್ರೂಪ್‌ಕೆಫೋಲ್ಡ್ ಇದೆ. ಅಡಿಕೆಗೊಂದು ಸಂಖ್ಯೆ ಕೊಟ್ಟು ಅದನ್ನೇ ಗುಂಪು ಎಂದು ತಿಳಿಸಿದರೆ, ಒಂದು ಅಡಿಕೆಯ ಆರೂ ಫೋಟೋ ಒಂದೇ ಕಡೆ ಉಳಿಯುತ್ತವೆ.

ಇನ್ನೊಂದು. ಆ 100ರಲ್ಲಿ ಒಳ್ಳೆಯ ಚಾಲಿ ಎಷ್ಟಿತ್ತು?

ಹೆಬ್ರಿಯ_ಅಂಗಳ:
70.

ಸುರತ್ಕಲ್_ಅಕ್ಕ:
ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಚಾಲಿ ಎಂದವನಿಗೂ 70 ಅಂಕ. ನಿಮಗೆ 61. ನೂರೇ ಅಡಿಕೆಯಾದ್ದರಿಂದ ಆ 61ನ್ನೂ ಗಟ್ಟಿಯಾಗಿ ಹಿಡಿಯಬೇಡಿ. ಶೇಕಡಾ 95ರ ವಿಶ್ವಾಸಾಂತರ, ಅಂದರೆ ನಿಜವಾದ ಅಂಕ ಇರಬಹುದಾದ ವ್ಯಾಪ್ತಿ, ಸುಮಾರು 51ರಿಂದ 70.

ಮಲ್ಪೆಯ_ಪೈ:
ಇದು ಅಮೆರಿಕದ ಸೈನ್ಯದ ಟ್ಯಾಂಕ್ ಕಥೆಯ ಹಾಗಿದೆ. ಟ್ಯಾಂಕ್ ಇರುವ ಫೋಟೋ ಎಲ್ಲ ಮೋಡದ ದಿನ ತೆಗೆದದ್ದು, ಇಲ್ಲದ್ದು ಬಿಸಿಲಿನಲ್ಲಿ. ಕಂಪ್ಯೂಟರ್ ಮೋಡವನ್ನು ಕಲಿತಿತ್ತು.

ಮಣಿಪಾಲದ_ಮಾಪಕ:
ಆ ಕಥೆಗೆ ಬುಡವಿಲ್ಲ. ಹೇಳುವವರೆಲ್ಲ ಬೇರೆ ಬೇರೆ ರೀತಿ ಹೇಳುತ್ತಾರೆ, ಮೂಲ ದಾಖಲೆಯನ್ನು ಯಾರೂ ತೋರಿಸಿಲ್ಲ. ದಾಖಲೆ ಇರುವುದೇ ಬೇಕಿದ್ದರೆ ಜರ್ಮನಿಯ ಹಾನ್ಸ್ ಕುದುರೆ ಇದೆ. ಲೆಕ್ಕ ಕೇಳಿದರೆ ಗೊರಸು ಕುಟ್ಟಿ ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಪರೀಕ್ಷಿಸಿದ. ಕೇಳುವವನಿಗೇ ಉತ್ತರ ಗೊತ್ತಿಲ್ಲದಾಗ ಕುದುರೆಯೂ ತಪ್ಪಿತು. ಅದು ನೋಡುತ್ತಿದ್ದದ್ದು ಲೆಕ್ಕವನ್ನಲ್ಲ, ಕೇಳುವವನ ಮುಖವನ್ನು.

ಮಲ್ಪೆಯ_ಪೈ:
ಟ್ಯಾಂಕ್ ಕಥೆಯನ್ನು ನಮಗೆ ಕಾಲೇಜಿನಲ್ಲೇ ಹೇಳಿಕೊಟ್ಟಿದ್ದಾರೆ.

ಮಣಿಪಾಲದ_ಮಾಪಕ:
ಕಾಲೇಜಿನಲ್ಲಿ ಹೇಳಿದ್ದೆಲ್ಲ ನಡೆದದ್ದಾದರೆ ನನಗೆ ಇಷ್ಟರಲ್ಲಿ ಕೆಲಸ ಸಿಕ್ಕಿರಬೇಕಿತ್ತು.

ಹೆಬ್ರಿಯ_ಅಂಗಳ:
ಅಡಿಕೆವಾರು ಭಾಗ ಮಾಡಿ ಹೊಸದಾಗಿ ಓಡಿಸಿದೆ. 97 ಇದ್ದದ್ದು 88ಕ್ಕೆ ಇಳಿಯಿತು. ಆದರೂ 61 ಅಲ್ಲವಲ್ಲ! ಉಳಿದದ್ದು ಎಲ್ಲಿ ಸೋರುತ್ತಿದೆ?

ಕದ್ರಿ_ಬೆಳಕು:
ಬೂದು ಕಾರ್ಡ್ ತೆಗೆದುಕೊಂಡಿರಾ?

ಸುರತ್ಕಲ್_ಅಕ್ಕ:
ಒಂದು ಚಿಕ್ಕ ಪ್ರಯೋಗ ಮಾಡಿ. ಪ್ರತಿ ಫೋಟೋದಲ್ಲೂ ಅಡಿಕೆ ಇರುವ ಜಾಗಕ್ಕೆ ಒಂದೇ ಅಳತೆಯ ಕಪ್ಪು ವೃತ್ತ ಹಾಕಿ ಪೂರ್ತಿ ಮುಚ್ಚಿಬಿಡಿ, ಹಿನ್ನೆಲೆ ಮಾತ್ರ ಉಳಿಯಲಿ. ಅದರಲ್ಲೇ ಮೊದಲಿನಿಂದ ತರಬೇತಿ ಕೊಟ್ಟು ಪರೀಕ್ಷಿಸಿ. ನಾಲ್ಕೂ ದರ್ಜೆ ಸಮಸಮ ಇರುವುದರಿಂದ ಊಹೆಗೆ ಸಿಗಬೇಕಾದದ್ದು 25.

ಹೆಬ್ರಿಯ_ಅಂಗಳ:
71 ಬಂತು. ಅಡಿಕೆಯೇ ಇಲ್ಲ, 71!

ಈಗ ನೆನಪಾಯಿತು. ಚಾಲಿಯ ಫೋಟೋ ತೆಗೆದದ್ದು ಬಿಳಿ ಬೈರಾಸಿನ ಮೇಲೆ. ಅದಕ್ಕೆ ಚಹಾ ಚೆಲ್ಲಿದ್ದರಿಂದ ಪಟೋರ, ಕೋಕಕ್ಕೆ ಹಳೆಯ ಪೇಪರ್ ಹಾಸಿದೆ. ಕರಿಗೋಟು ಮರುವಾರ ಬಂತು, ಬಂದ ಗೋಣಿಯ ಮೇಲೆಯೇ ಹರಡಿ ತೆಗೆದೆ. ಮೂಲೆಯಲ್ಲಿ ಗೋಣಿಯ ನಾರು ಕಾಣುತ್ತದೆ, ಈಗ ನೋಡಿದರೆ ನಗು ಬರುತ್ತದೆ. ಊರಿನಲ್ಲಿ ಅಪ್ಪ ಎಲ್ಲವನ್ನೂ ಗೋಣಿಯ ಮೇಲೆಯೇ ಹರಡಿದ್ದರು. ಒಳ್ಳೆಯ ಚಾಲಿಗೂ ಮಾಡೆಲ್ ಕರಿಗೋಟು, ಕರಿಗೋಟು ಎನ್ನುತ್ತಿತ್ತು.

ಸುರತ್ಕಲ್_ಅಕ್ಕ:
ಹಾಗಾದರೆ ಫೋಟೋ ಹೊಸದಾಗಿಯೇ ತೆಗೆಯಬೇಕು, ಬೇರೆ ದಾರಿಯಿಲ್ಲ. ನಾಲ್ಕೂ ದರ್ಜೆಯನ್ನು ಒಂದೇ ಬುಟ್ಟಿಯಲ್ಲಿ ಕಲಸಿ, ಕೈಗೆ ಸಿಕ್ಕಿದ ಕ್ರಮದಲ್ಲಿ, ಒಂದೇ ಹಾಸಿನ ಮೇಲೆ ತೆಗೆಯಿರಿ. ಆಮೇಲೆ ಹಾಸು ಬದಲಿಸಿ ಮತ್ತೆ ಎಲ್ಲವನ್ನೂ ತೆಗೆಯಿರಿ. ಮೂರು ನಾಲ್ಕು ಮನೆಗಳ ಅಡಿಕೆ ತಂದು, ಒಂದು ಮನೆಯದನ್ನು ತರಬೇತಿಗೆ ಮುಟ್ಟಿಸದೆ ಪರೀಕ್ಷೆಗೆಂದೇ ಎತ್ತಿಡಿ. ಕೊನೆಗೆ ಒಂದೇ ಸಲ ತೆರೆಯಿರಿ. ಅಂಕ ಕಡಿಮೆ ಬಂತೆಂದು ಮಾಡೆಲ್ ತಿದ್ದಿ ಮತ್ತೆ ತೆರೆದರೆ ಅದೂ ತರಬೇತಿಯೇ ಆಗುತ್ತದೆ.

ಮಣಿಪಾಲದ_ಮಾಪಕ:
ದರ್ಜೆ ಬರೆದವರು ಯಾರು? ಒಬ್ಬರೇ ಆದರೆ ಆ ಗುರುತು ಎಷ್ಟು ಗಟ್ಟಿ ಎಂದು ನೋಡಿದ್ದೀರಾ? ಇಬ್ಬರಿಂದ ಬೇರೆ ಬೇರೆಯಾಗಿ ವಿಂಗಡಿಸಿ, ಒಮ್ಮತವನ್ನು ಕೊಹೆನ್ ಕಪ್ಪಾದಲ್ಲಿ ಅಳೆಯಿರಿ, ಅದು ಆಕಸ್ಮಿಕವಾಗಿ ಹೊಂದಿದ್ದನ್ನು ಕಳೆದು ಲೆಕ್ಕ ಹಾಕುವ ಅಳತೆ. 70 ಭಾಗ ಚಾಲಿಯೇ ಇರುವಲ್ಲಿ ಬರಿಯ ಶೇಕಡಾ ನಂಬಬೇಡಿ, ಇಬ್ಬರೂ ಸುಮ್ಮನೆ ಚಾಲಿ ಎಂದರೂ ಒಮ್ಮತವೇ.

ಹೆಬ್ರಿಯ_ಅಂಗಳ:
ಅಪ್ಪನೇ ಬರೆದದ್ದು. ಆದರೆ ಅವರು ನೋಡುವುದು ಕಣ್ಣಿನಿಂದ ಮಾತ್ರ ಅಲ್ಲ. ಕೈಯಲ್ಲಿ ಕುಲುಕಿ ಭಾರ ನೋಡುತ್ತಾರೆ, ಸಂಶಯ ಬಂದರೆ ಅಡಕತ್ತರಿಯಲ್ಲಿ ಒಡೆದು ಒಳಗಿನ ಬಿಳಿ ನೋಡುತ್ತಾರೆ. ಕ್ಯಾಮೆರಾಕ್ಕೆ ಅದೆಲ್ಲಿ ಕಾಣಬೇಕು?

ಮಲ್ಪೆಯ_ಪೈ:
ಪೈಗೆ ತೂಕದ ಸೆನ್ಸರ್ ಜೋಡಿಸಬಹುದು. ನನ್ನ ಹತ್ತಿರ ಎರಡು ಹೆಚ್ಚುವರಿ ಇವೆ, ಮಲ್ಪೆಗೆ ಬಂದರೆ ಕೊಡುತ್ತೇನೆ. ಸ್ಟ್ಯಾಂಡನ್ನೂ ನೋಡಿದ ಹಾಗಾಗುತ್ತದೆ.

ಹೆಬ್ರಿಯ_ಅಂಗಳ:
ಈ ಭಾನುವಾರದ ವರದಿ. ಅಪ್ಪ ಮತ್ತು ಪಕ್ಕದ ತೋಟದ ಮಾಮ ಅದೇ 100 ಅಡಿಕೆಯನ್ನು, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ, ಒಡೆಯದೆ ವಿಂಗಡಿಸಿದರು. 83ರಲ್ಲಿ ಒಮ್ಮತ. ಉಳಿದ 17ರ ಬಗ್ಗೆ ಬೆಳಿಗ್ಗೆ ಹತ್ತಕ್ಕೆ ಶುರುವಾದ ವಾದ ಊಟದವರೆಗೂ ಮುಗಿಯಲಿಲ್ಲ, ಅಮ್ಮ ಎರಡು ಸಲ ಚಹಾ ಕೊಟ್ಟರು. ಕಪ್ಪಾ ಇನ್ನೂ ಲೆಕ್ಕ ಹಾಕಿಲ್ಲ. ಹೊಸ ಫೋಟೋ 400 ಆಗಿದೆ.

ಕದ್ರಿ_ಬೆಳಕು:
ಅವರಿಬ್ಬರು ಯಾವ ಬೆಳಕಿನಲ್ಲಿ ಕುಳಿತು ವಿಂಗಡಿಸಿದರು?