ನಮ್ಮ ಮನೆ ಕತೆ ಬರೆದರೆ ಅದು ಅಧ್ಯಯನ ಆಗಲ್ವಾ?

ಭಟ್ಟಿಹುಡುಗ: ದಾವಣಗೆರೆಯಲ್ಲಿ ಸಮಾಜಶಾಸ್ತ್ರ ಎಂಎ ಮಾಡುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಮಂಡಕ್ಕಿ ಭಟ್ಟಿ ಕೂಲಿಗಳ ವಿಷಯ ತಗೊಂಡೆ. ಅವ್ವ ಇಪ್ಪತ್ತು ವರ್ಷ ಭಟ್ಟಿಗೆ ಹೋದವಳು, ನಾನೂ ಶಾಲೆ ಬಿಟ್ಟ ಮೇಲೆ ಅಲ್ಲೇ ಚೀಲ ಹಿಡಿಯುತ್ತಿದ್ದೆ. ಕಾದ ಮರಳು ಸಿಡಿದು ಅವ್ವನ ಮೊಣಕೈವರೆಗೂ ಚುಕ್ಕಿ ಚುಕ್ಕಿ ಕಲೆ. ಅಕ್ಕನ ಮದುವೆಗೆ ಮಾಲೀಕರ ಹತ್ತಿರ ಅಡ್ವಾನ್ಸ್ ತಗೊಂಡಿದ್ದಳು, ಅದು ತೀರುವ ತನಕ ಬೇರೆ ಭಟ್ಟಿ ಕಡೆ ತಲೆ ಹಾಕುವ ಹಾಗಿರಲಿಲ್ಲ. ಇದನ್ನೆಲ್ಲ ಮುಚ್ಚುಮರೆ ಇಲ್ಲದೆ ಬರೆದುಕೊಟ್ಟರೆ ಗೈಡ್ 'ಕತೆ ಬೇಡಪ್ಪ, ಪ್ರಶ್ನಾವಳಿ ತುಂಬಿಸಿಕೊಂಡು ಬಾ' ಅಂದರು. ಐವತ್ತು ಜನರ ಹತ್ತಿರ ಟಿಕ್ ಹಾಕಿಸಿದರೆ ಮಾತ್ರ ಅಧ್ಯಯನವಾ?

ದುರ್ಗದವಳು: ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ವಿಷಯ ನಿಮ್ಮ ಗೈಡ್‌ಗೆ ನೆನಪು ಮಾಡಿ. 1948ರಲ್ಲಿ ಮೈಸೂರು ಕಡೆ ಹಳ್ಳಿಯೊಂದರಲ್ಲಿದ್ದು ಮಾಡಿದ ಕೆಲಸ, ವರ್ಷಗಟ್ಟಲೆ ಕೂತು ಜೋಡಿಸಿದ ಟಿಪ್ಪಣಿ, ಮೂರೂ ಪ್ರತಿ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಇಟ್ಟ ಬೆಂಕಿಗೆ ಹೋದವು. ಆಮೇಲೆ ಹೆಚ್ಚಾಗಿ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಅದನ್ನು ಇವತ್ತಿಗೂ ಓದಿಸುತ್ತಾರೆ.

ಲೆಕ್ಕದವನು: ಶ್ರೀನಿವಾಸ್ ಊರೆಲ್ಲ ಸುತ್ತಿದ್ದರು ಮೇಡಂ, ಬರೀ ತಮ್ಮ ಮನೆ ಬಗ್ಗೆ ಬರೆದವರಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲೇ ಹೇಳಿದ್ದಾನಲ್ಲ, ಲಕ್ಷ ಜನರ ಊರಲ್ಲಿ ಒಬ್ಬನಿಗೆ ಕೆಲಸ ಇಲ್ಲ ಅಂದರೆ ಅದು ಅವನ ತಾಪತ್ರಯ, ಐದು ಕೋಟಿ ದುಡಿಯುವವರಲ್ಲಿ ಒಂದೂವರೆ ಕೋಟಿಗೆ ಇಲ್ಲ ಅಂದರೆ ಅದು ಸಮಾಜದ ಪ್ರಶ್ನೆ ಅಂತ. ಅಡ್ವಾನ್ಸ್ ನಿಮ್ಮನೆಗೆ ಮಾತ್ರ ಬಂದ ಕಷ್ಟನಾ, ಓಣಿಗೆಲ್ಲ ಇದ್ದದ್ದಾ? ಅದು ಗೊತ್ತಾಗಬೇಕಾದರೆ ಆ ಐವತ್ತು ಜನ ಬೇಕೇ ಬೇಕು. ಆದರೆ ಅವರಿಗೆ ಏನು ಕೇಳಬೇಕು ಅನ್ನೋದು ನಿನಗೆ ಗೊತ್ತಿರುವಷ್ಟು ಗೈಡ್‌ಗೆ ಗೊತ್ತಿಲ್ಲ, ಅದೂ ನಿಜ. 'ಸಾಲ ಇದೆಯಾ' ಅಂದರೆ ಎಲ್ಲರೂ ಇಲ್ಲ ಅಂತಾರೆ. 'ಭಟ್ಟಿ ಬದಲಾಯಿಸಬೇಕು ಅನಿಸಿದ್ದಾಗ ಯಾಕೆ ಬದಲಾಯಿಸಲಿಲ್ಲ' ಅಂತ ಕೇಳು.

ಕೆಂಪುಮಣ್ಣು: ತಮ್ಮಾ, ಇದನ್ನೆಲ್ಲ ಇಲ್ಲಿ ಹಾಕುವ ಮುಂಚೆ ಅವ್ವನ್ನ ಒಂದು ಮಾತು ಕೇಳಿದ್ಯಾ? ಶ್ರೀನಿವಾಸ್ ಊರಿನ ಹೆಸರನ್ನೇ ಮರೆಸಿ ರಾಂಪುರ ಅಂತ ಇಟ್ಟರು. ನೀನು ಅವ್ವನ ಹೆಸರು ಬದಲಾಯಿಸಿ ಏನು ಪ್ರಯೋಜನ, ರಟ್ಟಿನ ಮೇಲೆ ನಿನ್ನ ಹೆಸರಿರುತ್ತೆ, ನೀನು ಯಾರ ಮಗ ಅಂತ ಓಣಿಗೇ ಗೊತ್ತು.

ಭಟ್ಟಿಹುಡುಗ: ಕೇಳಿರಲಿಲ್ಲ ಅಣ್ಣ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. 'ಕೈ ಸುಟ್ಟಿದ್ದು ಬರಿ, ಹೊಗೆ ಕುಡಿದಿದ್ದು ಬರಿ. ಸಾಲದ ಸುದ್ದಿ ಮಾತ್ರ ಬೇಡ, ನಿಮ್ಮಕ್ಕನ ಅತ್ತೆಗೆ ಗೊತ್ತಿಲ್ಲ' ಅಂದಳು. ನನ್ನ ಮೂರನೇ ಅಧ್ಯಾಯ ಪೂರ್ತಿ ಆ ಸಾಲದ ಮೇಲೇ ನಿಂತಿದೆ.