ಸಹಾಯ ಬೇಕು: ಇಂಕೊನೆಲ್ 718 ಕರ್ವ್‌ನಲ್ಲಿ ಗರಗಸದ ಹಲ್ಲು ಯಾಕೆ?

ಎಲ್ಲರಿಗೂ ನಮಸ್ಕಾರ. ಇಂಕೊನೆಲ್ 718 (ಒಂದು ನಿಕಲ್ ಮಿಶ್ರಲೋಹ) ಸ್ಯಾಂಪಲ್‌ಗಳ ಮೇಲೆ ಟೆನ್ಸೈಲ್ ಟೆಸ್ಟ್ (ಎಳೆದು ನೋಡುವ ಪರೀಕ್ಷೆ) ಮಾಡುತ್ತಿದ್ದೇನೆ. ಎಲ್ಲವೂ ಏಜಿಂಗ್ (ಗಟ್ಟಿಯಾಗಲು ಬಿಸಿಯಲ್ಲಿಡುವುದು) ಆದವು. ಎರಡು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ.

ರೂಮ್ ಟೆಂಪರೇಚರ್‌ನಲ್ಲಿ ಸ್ಟ್ರೆಸ್-ಸ್ಟ್ರೈನ್ ಕರ್ವ್ ನುಣುಪಾಗಿ ಬರುತ್ತದೆ. 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾತ್ರ ಯೀಲ್ಡ್ ಆದ (ಅಂದರೆ ಶಾಶ್ವತವಾಗಿ ಹಿಗ್ಗಲು ಶುರುವಾದ) ಸ್ವಲ್ಪ ಹೊತ್ತಿಗೆ ಗರಗಸದ ಹಲ್ಲಿನ ಹಾಗೆ ಏರಿಳಿತ ಶುರು. ಮೊದಲು ಗ್ರಿಪ್ ಜಾರುತ್ತಿದೆ ಅಂದುಕೊಂಡೆ. ಗ್ರಿಪ್ ಬದಲಾಯಿಸಿದೆ, ಲೋಡ್ ಸೆಲ್ ಕ್ಯಾಲಿಬ್ರೇಟ್ ಮಾಡಿಸಿದೆ, ಥರ್ಮೋಕಪಲ್ ಅನ್ನು ಸ್ಯಾಂಪಲ್‌ಗೇ ತಾಗಿಸಿ ಕಟ್ಟಿದೆ. ಹಲ್ಲು ಹೋಗಲಿಲ್ಲ.

ಇದು ಡೈನಾಮಿಕ್ ಸ್ಟ್ರೈನ್ ಏಜಿಂಗ್ ಇರಬಹುದು ಅಂತ ಓದಿದೆ. ಕಾರ್ಬನ್‌ನಂಥ ಪರಮಾಣುಗಳು ಲೋಹದೊಳಗೆ ಓಡಾಡುವ ಗೆರೆಯಂಥ ದೋಷಗಳಾದ ಡಿಸ್‌ಲೊಕೇಶನ್‌ಗಳನ್ನು ಹಿಡಿಯುತ್ತವೆ, ಅವು ಬಿಡಿಸಿಕೊಂಡಾಗ ಲೋಡ್ ಥಟ್ಟನೆ ಬೀಳುತ್ತದೆ. ಹಾಗಿದ್ದರೆ ಸ್ಟ್ರೈನ್ ರೇಟ್ (ಎಳೆಯುವ ವೇಗ) ಹೆಚ್ಚಿಸಿದಾಗ ಹಲ್ಲುಗಳು ಇನ್ನೂ ಜಾಸ್ತಿ ಟೆಂಪರೇಚರ್‌ನಲ್ಲಿ ಶುರುವಾಗಬೇಕು, ಅಲ್ವಾ? ನಾನು ಇದುವರೆಗೆ ಒಂದೇ ರೇಟ್‌ನಲ್ಲಿ ಎಳೆದಿದ್ದೇನೆ. ಉಳಿದಿರುವುದು ಆರೇ ಸ್ಯಾಂಪಲ್. ಸುಮ್ನೆ ಹಾಳುಮಾಡಲು ಮನಸ್ಸಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಈ ಆರನ್ನು ಒಂದೇ ಟೆಂಪರೇಚರ್‌ನಲ್ಲಿ ಬೇರೆಬೇರೆ ರೇಟ್‌ಗಳಲ್ಲಿ ಎಳೆಯಲೋ, ಅಥವಾ ಒಂದೇ ಸ್ಯಾಂಪಲ್‌ನಲ್ಲಿ ಮಧ್ಯೆ ರೇಟ್ ಏರಿಸಿ ಸ್ಟ್ರೆಸ್ ಇಳಿಯುತ್ತದಾ ನೋಡಲೋ? ಇದು ಮಷಿನ್ ದೋಷ ಅಲ್ಲ ಅಂತ ಖಚಿತಪಡಿಸಲು ಯಾವುದು ಸಾಕು?